ತಾರಸಿಗೆ ಮೊದಲ ಕಂತು

ದಾವಣಗೆರೆಯಿಂದ ಹರಿಹರಕ್ಕೆ ಹೋಗುವ ದಾರಿಯಲ್ಲಿ, ಭದ್ರಾ ನಾಲೆಯ ನೀರಿಗೆ ಭತ್ತ ಬೆಳೆಯುತ್ತಿದ್ದ ಎಷ್ಟೋ ಗದ್ದೆಗಳು ಈಗ 30×40ರ ನಿವೇಶನಗಳಾಗಿವೆ. ಅಂಥದೊಂದರಲ್ಲಿ ಈ ಅಂಕಣಕಾರರ ಕುಟುಂಬವೂ ಮನೆ ಕಟ್ಟಿಸಿದೆ. ಖರ್ಚಿನ ಪಟ್ಟಿ ಬರೆಯಲು ಕುಳಿತಾಗ ಮೊದಲು ಬಂದ ಮಾತು, ‘ಸೋಲಾರ್ ಹಾಕಿಸಿಬಿಡೋಣ’ ಎಂಬುದು. ಬರೆದು ಮುಗಿಸುವ ಹೊತ್ತಿಗೆ ಪ್ಯಾನೆಲ್ ಪಟ್ಟಿಯ ತುದಿಗೆ ಹೋಗಿತ್ತು. ತಾರಸಿ ಮೊದಲಿಗೆ ಬಂದಿತ್ತು.

ಕಾರಣ ಸೂರ್ಯನ ದಾರಿಯಲ್ಲೇ ಇದೆ. ಈ ಎರಡೂ ಊರುಗಳು ಉತ್ತರ ಅಕ್ಷಾಂಶ 14.5 ಡಿಗ್ರಿಯ ಆಸುಪಾಸಿನಲ್ಲಿವೆ. ಏಪ್ರಿಲ್ ಕೊನೆಗೆ ಮಧ್ಯಾಹ್ನದ ಸೂರ್ಯ ನೇರ ನೆತ್ತಿಗೆ ಬರುತ್ತಾನೆ. ಆಗ ಬಿಸಿಲಿನ ಪೆಟ್ಟು ಗೋಡೆಗಿಂತ ತಾರಸಿಗೇ ಜಾಸ್ತಿ. ಐದು ಇಂಚಿನ ಆರ್‌ಸಿಸಿ ಹಗಲೆಲ್ಲ ಹೀರಿದ ಕಾವನ್ನು, ಮನೆಮಂದಿ ಮಲಗುವ ಹೊತ್ತಿಗೆ ಕೋಣೆಯೊಳಗೆ ಬಿಡುತ್ತದೆ. ಆ ಕಾವನ್ನು ಎಸಿ ಹಾಕಿ ಹೊರದಬ್ಬುವುದೆಂದರೆ ಸ್ವಂತ ಮನೆಗೇ ಪ್ರತಿ ಬೇಸಿಗೆ ಬಾಡಿಗೆ ಕಟ್ಟಿದಂತೆ. ಗೃಹಜ್ಯೋತಿಯ ಮನೆಗಂತೂ ಇದು ಇನ್ನೂ ದುಬಾರಿ: ತಿಂಗಳ ಬಳಕೆ 200 ಯೂನಿಟ್ ದಾಟಿತೆಂದರೆ ಪೂರ್ತಿ ಬಿಲ್ಲನ್ನು ಕೈಯಿಂದ ಕಟ್ಟಬೇಕು.

ಹಾಗಾಗಿ ಮೊದಲ ಹಣ ತಾರಸಿಯ ಮೇಲೆ ಬಿಳಿ ಟೈಲ್ಸ್ ಚೂರು ಕೂರಿಸುವುದಕ್ಕೆ ಹೋಯಿತು. ಬಿಸಿಲನ್ನು ಹಿಂದಕ್ಕೆ ಕಳಿಸುವ ಬಿಳಿ ಬಣ್ಣ ಬಳಿಸಿದರೂ ಕೆಲಸ ನಡೆಯುತ್ತದೆ, ಕೆಲವು ವರ್ಷಕ್ಕೊಮ್ಮೆ ಮತ್ತೆ ಬಳಿಯಬೇಕು ಅಷ್ಟೆ. ತೆಲಂಗಾಣ ಸರ್ಕಾರ 2023ರಲ್ಲಿ ಇಂಥ ತಂಪು ಚಾವಣಿಗೆಂದೇ ಒಂದು ನೀತಿ ತಂದಿದೆ.

ಆಮೇಲೆ ವಾಸ್ತು. ನಮ್ಮ ಕಡೆ ಯಜಮಾನರ ಮಲಗುವ ಕೋಣೆ ನೈರುತ್ಯಕ್ಕೆ, ನೀರಿನ ಟ್ಯಾಂಕೂ ನೈರುತ್ಯಕ್ಕೆ. ಇಳಿಹೊತ್ತಿನ ಬಿಸಿಲು ಬಡಿಯುವುದೂ ಅದೇ ಮೂಲೆಗೆ. ಕೋಣೆಯನ್ನು ಬೇರೆಡೆಗೆ ಸರಿಸಲು ಮನೆಯ ಹಿರಿಯರು ಒಪ್ಪಲಿಲ್ಲ. ಅದಕ್ಕೇ ಪಡುವಣ ಗೋಡೆಯ ಕಿಟಕಿ ಚಿಕ್ಕದಾಯಿತು, ಸಜ್ಜಾ ಅಗಲವಾಯಿತು, ಬಟ್ಟೆಯ ವಾರ್ಡ್‌ರೋಬ್ ಆ ಗೋಡೆಗೇ ಒತ್ತಿ ನಿಂತಿತು. ನಕ್ಷೆಯ ಹಂತದಲ್ಲಿ ಈ ಬದಲಾವಣೆಗಳಿಗೆ ತಗಲುವುದು ಅಲ್ಪಸ್ವಲ್ಪ. ಗಾರೆಯಾದ ಮೇಲೆ ಒಡೆದು ಕಟ್ಟಿಸಲು ಹೊರಟರೆ ಮೇಸ್ತ್ರಿಯ ಕೂಲಿಯೇ ಹೊರೆ.

ಟ್ಯಾಂಕಿನ ವಿಷಯ ಸೂಕ್ಷ್ಮ. ಮಧ್ಯಾಹ್ನದ ನಂತರ ಅದರ ನೆರಳು ಪೂರ್ವದತ್ತ ಚಾಚುತ್ತದೆ, ಚಳಿಗಾಲದಲ್ಲಿ ಈಶಾನ್ಯಕ್ಕೆ. ಸಾಲಾಗಿ ಜೋಡಿಸಿದ ಪ್ಯಾನೆಲ್‌ಗಳಲ್ಲಿ ಒಂದರ ಮೇಲೆ ನೆರಳು ಬಿದ್ದರೂ ಇಡೀ ಸಾಲಿನ ಉತ್ಪಾದನೆ ಕುಗ್ಗಬಹುದು. ‘ಪ್ಯಾನೆಲ್ ಎಲ್ಲಿ ಬೇಕಾದ್ರೂ ಕೂರಿಸ್ಬೋದು ಸರ್’ ಎಂದ ಮೇಸ್ತ್ರಿಯ ಜೊತೆ ಸಂಜೆ ಅಲ್ಲೇ ನಿಂತು ನೆರಳು ನೋಡಿ, ಆಗ್ನೇಯದ ಜಾಗವನ್ನು ಖಾಲಿ ಬಿಡಿಸಿದ್ದಾಯಿತು.

ಎರಡನೆಯ ಕಂತು ಬಿಸಿನೀರಿಗೆ. ಬೆಸ್ಕಾಂ ವ್ಯಾಪ್ತಿಯಲ್ಲಿ ನಿಗದಿತ ಅಳತೆ ಮೀರಿದ ಹೊಸ ಮನೆಗೆ ಸೋಲಾರ್ ವಾಟರ್ ಹೀಟರ್ ಕಡ್ಡಾಯ. ಕಡ್ಡಾಯವಿಲ್ಲದಿದ್ದರೂ ಲೆಕ್ಕ ಲಾಭದ್ದೇ. 100 ಲೀಟರ್ ನೀರನ್ನು 25 ಡಿಗ್ರಿಯಿಂದ 55 ಡಿಗ್ರಿಗೆ ಏರಿಸಲು ಸುಮಾರು 3.5 ಯೂನಿಟ್ ವಿದ್ಯುತ್ ಬೇಕು. ಯೂನಿಟ್‌ಗೆ 6 ರೂಪಾಯಿಯಂತೆ ಹಿಡಿದರೆ ದಿನಕ್ಕೆ 21 ರೂಪಾಯಿ. ಬೋರ್‌ವೆಲ್ಲಿನ ಗಡಸು ನೀರಿರುವ ಕಡೆ ತಾಮ್ರದ ಕೊಳವೆಯ ಹೀಟರಿನಲ್ಲಿ ಬಿಳಿ ಲವಣ ಕಟ್ಟಿಕೊಳ್ಳುತ್ತದೆ. ಗಾಜಿನ ಕೊಳವೆಯದು ಹೆಚ್ಚು ತಾಳುತ್ತದೆ. ಹೀಟರಿನ ನೇರ ಕೆಳಗೆ ಬಚ್ಚಲು ಬಂದರೆ ಪೈಪಿನ ದಾರಿ ಚಿಕ್ಕದು, ಬಿಸಿನೀರು ಬರುವವರೆಗೆ ಬಕೆಟ್‌ಗಟ್ಟಲೆ ತಣ್ಣೀರು ಚೆಲ್ಲುವುದೂ ತಪ್ಪುತ್ತದೆ.

ಮೂರನೆಯದು ಫ್ಯಾನ್. ಹಳೆಯ ಬಗೆಯದು 75 ವ್ಯಾಟ್ ತಿಂದರೆ ಬಿಎಲ್‌ಡಿಸಿ ಫ್ಯಾನ್ 35ರೊಳಗೆ ತಿರುಗುತ್ತದೆ. ಐದು ಫ್ಯಾನು ದಿನಕ್ಕೆ ಹತ್ತು ಗಂಟೆ ಓಡಿದರೆ ತಿಂಗಳಿಗೆ 60 ಯೂನಿಟ್ ಉಳಿತಾಯ.

ಇಷ್ಟೆಲ್ಲ ಆದ ಮೇಲೆ ಪ್ಯಾನೆಲ್. 2024ರ ಫೆಬ್ರುವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000 ರೂಪಾಯಿ ಸಹಾಯಧನ, ಮೂರನೆಯದಕ್ಕೆ 18,000, ಗರಿಷ್ಠ 78,000. 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಸಾಧನಗಳ ಜಿಎಸ್‌ಟಿಯೂ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಒಂದು ಕಿಲೋವ್ಯಾಟ್ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ ಎಂದುಕೊಂಡರೆ, ಮೂರು ಕಿಲೋವ್ಯಾಟ್ ತಿಂಗಳಿಗೆ 360 ಯೂನಿಟ್. ತಾರಸಿ, ಹೀಟರು, ಫ್ಯಾನು ಸರಿಯಾದ ಮನೆಗೆ ಅಷ್ಟು ಬೇಕೇ? ಬೇಡದ್ದನ್ನು ಗ್ರಿಡ್‌ಗೆ ಕೊಟ್ಟರೆ ಸಿಗುವ ದರ, ನಾವು ಕೊಳ್ಳುವ ದರಕ್ಕಿಂತ ಕಡಿಮೆ. ಬ್ಯಾಟರಿ ಇಲ್ಲದ ಗ್ರಿಡ್ ಸೋಲಾರ್ ಕರೆಂಟು ಹೋದಾಗ ತಾನೂ ನಿಲ್ಲುತ್ತದೆ ಎಂಬುದನ್ನೂ ಕೊಳ್ಳುವ ಮೊದಲೇ ತಿಳಿದಿರಬೇಕು.

ಹೊಸ ಮನೆಗೆ ಹಳೆಯ ಬಿಲ್ಲುಗಳಿರುವುದಿಲ್ಲ. ಆದ್ದರಿಂದ ಕುಟುಂಬ ಈಗ ಒಂದು ಪೂರ್ತಿ ವರ್ಷದ ಬಿಲ್ಲುಗಳನ್ನು ಕೂಡಿಡುತ್ತಿದೆ. ಎರಡು ಕಿಲೋವ್ಯಾಟೋ ಮೂರೋ ಎಂಬುದು ಆ ಮೊತ್ತದ ಮೇಲೆ ತೀರ್ಮಾನವಾಗಲಿದೆ. ಕಾಂಕ್ರೀಟ್ ಹಾಕುವಾಗಲೇ ತಾರಸಿಯಿಂದ ಮೀಟರ್ ಬೋರ್ಡಿನವರೆಗೆ ಖಾಲಿ ಪೈಪೊಂದನ್ನು ಇಳಿಸಿಟ್ಟದ್ದರಿಂದ ಮುಂದೆ ಗೋಡೆ ಕೊರೆಯಬೇಕಿಲ್ಲ. ಪ್ಯಾನೆಲ್‌ಗೆಂದು ತೆಗೆದಿಟ್ಟ ಹಣ ಅಲ್ಲಿಯವರೆಗೆ ಬ್ಯಾಂಕಿನಲ್ಲಿ ಒಂದು ವರ್ಷದ ಠೇವಣಿಯಾಗಿ ಕುಳಿತಿದೆ.