ಮನೆಯಲ್ಲೊಂದು ಪುಟ್ಟ ಕಡಲು

ಹಿರೇಗುಂಟನೂರಿನ ಸುತ್ತಣ ನಮಗೆ ಸಾಗರವೆಂದೊಡನೆ ನೆನಪಾಗುವುದು ಹಿರಿಯೂರಿನ ಬಳಿಯ ವಾಣೀವಿಲಾಸ ಸಾಗರ; ಅದರ ನೀರಾದರೋ ಸಿಹಿ. ಆದರೂ ಉಪ್ಪುಕಡಲಿನ ಒಂದು ತುಣುಕನ್ನು ಗಾಜಿನ ತೊಟ್ಟಿಯಲ್ಲಿ ಉಳಿಸಿಕೊಳ್ಳಬಹುದು. 1846ರಲ್ಲಿ ಆನಾ ಥಿನ್ ಎಂಬ ಮಹಿಳೆಯು ಟಾರ್ಕಿಯ ತೀರದಿಂದ ಹವಳಜೀವಿಗಳನ್ನು ಲಂಡನ್ನಿಗೆ ತಂದಾಗ, ಮನೆಯ ಸೇವಕಿಯು ಉಪ್ಪುನೀರನ್ನು ಪಾತ್ರೆಯಿಂದ ಪಾತ್ರೆಗೆ ಸುರಿದು ಗಾಳಿಯಾಡಿಸಿ ಅವುಗಳನ್ನು ಬದುಕಿಸಿದಳು. ಆ ಕೆಲಸವನ್ನು ಈಗ ಸಣ್ಣ ವಿದ್ಯುತ್ ಪಂಪು ಮಾಡುತ್ತದೆ.

ಮೊದಲನೆಯದು ನೀರು. ತೊಟ್ಟಿಯು ಚಿಕ್ಕದಾದಷ್ಟೂ ನೀರು ಬೇಗನೆ ಕೆಡುವುದರಿಂದ 100 ಲೀಟರಿಗೆ ಕಡಿಮೆಯಿಲ್ಲದಿರುವುದು ಲೇಸು. ಕೊಳವೆಬಾವಿಯ ಗಡಸು ನೀರು ಸಲ್ಲದು, ಆರ್.ಓ. ಯಂತ್ರದಲ್ಲಿ ಶೋಧಿಸಿದ್ದು ಬೇಕು. ಲೀಟರಿಗೆ ಸುಮಾರು 35 ಗ್ರಾಂ ಲವಣವಿರತಕ್ಕದ್ದು. ಅಡಿಗೆಯುಪ್ಪು ಸಾಲದು, ಕಡಲಿನಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ ಮೊದಲಾದವುಗಳೂ ಉಂಟು. ಆದಕಾರಣ ಕಡಲಮೀನಿಗೆಂದೇ ತಯಾರಿಸಿದ ಲವಣಮಿಶ್ರಣವನ್ನು ಕೊಳ್ಳಬೇಕು.

ಎರಡನೆಯದು ತಾಳ್ಮೆ. ಮೀನಿನ ಮಲದಿಂದಲೂ ಉಳಿದ ಆಹಾರದಿಂದಲೂ ಅಮೋನಿಯವೆಂಬ ವಿಷವು ಹುಟ್ಟುತ್ತದೆ. ಕಲ್ಲುಮರಳುಗಳ ಮೇಲೆ ನೆಲೆಸುವ ಬ್ಯಾಕ್ಟೀರಿಯಗಳು ಅದನ್ನು ನೈಟ್ರೈಟಾಗಿಯೂ, ಬಳಿಕ ಅಷ್ಟು ಕೇಡಿಲ್ಲದ ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ಅವು ಬೆಳೆಯಲು ನಾಲ್ಕಾರು ವಾರ ಬೇಕು. ಮೀನಿಲ್ಲದ ತೊಟ್ಟಿಗೆ ಚಿಟಿಕೆ ಆಹಾರ ಹಾಕುತ್ತ ಕಾಯಿರಿ. ಪರೀಕ್ಷೆಯಲ್ಲಿ ಅಮೋನಿಯವೂ ನೈಟ್ರೈಟೂ ಸೊನ್ನೆಯಾದ ಮೇಲೆಯೇ ಮೀನು ಬಿಡತಕ್ಕದ್ದು.

ಮೂರನೆಯದು ನಮ್ಮ ಒಣಹವೆ. ಆರುವುದು ನೀರು ಮಾತ್ರ, ಉಪ್ಪಲ್ಲ. ಇದನ್ನು ಮರೆತು ಒಂದು ಬೇಸಿಗೆಯಲ್ಲಿ ನಾವು ಉಪ್ಪುನೀರನ್ನೇ ತುಂಬುತ್ತ ಹೋಗಿ ಎರಡು ಮೀನುಗಳನ್ನು ಕಳೆದುಕೊಂಡೆವು. ತಗ್ಗಿದಷ್ಟೂ ಸಿಹಿನೀರನ್ನೇ ಸೇರಿಸಬೇಕು.

ಸಾಕಣೆಯಲ್ಲೇ ಹುಟ್ಟಿದ ಕ್ಲೌನ್ ಮೀನಿನ ಒಂದು ಜೋಡಿ ಸಾಕು. ಕಡಲ ಹವಳವನ್ನು ಕೊಳ್ಳಬೇಡಿರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಅದನ್ನು ಕಾಪಾಡುತ್ತದೆ. ಬರಿದಾದ ತೊಟ್ಟಿಯ ಮುಂದೆ ಆರು ವಾರ ಕಾಯಬಲ್ಲವಳ ಮನೆಯಲ್ಲಿ ಮೀನು ಬಾಳೀತು.