ಶಾಲೆಯಲ್ಲಿ ಬಾಯಿ ಬಿಡದ ಮಗು

ಮನೆಯಲ್ಲಿ ಪಟಪಟನೆ ಮಾತಾಡುವ ಮಗು ಶಾಲೆಯಲ್ಲಿ, ನೆಂಟರ ಮುಂದೆ, ಅಂಗಡಿಯಲ್ಲಿ ಒಂದು ಮಾತೂ ಆಡಲಾಗದೆ ನಿಂತುಬಿಡುವ ಸ್ಥಿತಿಗೆ ಸೆಲೆಕ್ಟಿವ್ ಮ್ಯೂಟಿಸಂ ಎನ್ನುತ್ತಾರೆ. ಇದು ಆತಂಕದ ಕಾಯಿಲೆ. ಹಠವಲ್ಲ, ಸೊಕ್ಕಲ್ಲ, ಬುದ್ಧಿಯ ಕೊರತೆಯಂತೂ ಅಲ್ಲ. ಸಾಮಾನ್ಯವಾಗಿ 5 ವರ್ಷ ತುಂಬುವ ಮೊದಲೇ ಶುರುವಾದರೂ ಶಾಲೆಗೆ ಸೇರಿಸಿದ ಮೇಲೆಯೇ ಕಣ್ಣಿಗೆ ಬೀಳುತ್ತದೆ.

ವೈದ್ಯರಿಗೂ ಇದು ಬೇಗ ಅರ್ಥವಾಗಲಿಲ್ಲ. 1877ರಲ್ಲಿ ಜರ್ಮನ್ ವೈದ್ಯ ಅಡಾಲ್ಫ್ ಕುಸ್‌ಮೌಲ್ ಇದನ್ನು ಬೇಕೆಂದೇ ತಾಳಿದ ಮೌನವೆಂದು ಬಗೆದ. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ ಇದನ್ನು ಆತಂಕದ ಕಾಯಿಲೆಗಳ ಸಾಲಿಗೆ ಸೇರಿಸಿದ್ದು 2013ರಲ್ಲಿ. ಶಾಲೆಗಳ ಸ್ಟಾಫ್ ರೂಮುಗಳಲ್ಲಿ ಮಾತ್ರ ‘ಬಲೇ ಹಠಮಾರಿ’ ಎಂಬ ತೀರ್ಪು ಇನ್ನೂ ಹೋಗಿಲ್ಲ.

ಒಂದನೇ ತರಗತಿಗೆ ಪಾಠ ಮಾಡುತ್ತಿದ್ದಾಗ ಇಂಥ ಒಬ್ಬ ಹುಡುಗಿಯನ್ನು ಹತ್ತಿರದಿಂದ ಕಂಡಿದ್ದೇನೆ. ಹಾಜರಿ ಕರೆಯುವಾಗ ತನ್ನ ಹೆಸರು ಹತ್ತಿರ ಬಂದಂತೆ ಅವಳ ಕತ್ತು ಬಿಗಿಯುತ್ತಿತ್ತು, ಮುಖ ಕಲ್ಲಾಗುತ್ತಿತ್ತು, ಬೆರಳು ಸ್ಕರ್ಟಿನ ಅಂಚನ್ನು ಬಿಡುತ್ತಿರಲಿಲ್ಲ. ಶೌಚಾಲಯಕ್ಕೆ ಹೋಗಬೇಕೆಂದು ಕೇಳಲಾರದೆ ಬೆಂಚಿನಲ್ಲೇ ಒದ್ದೆ ಮಾಡಿಕೊಂಡದ್ದೂ ಉಂಟು. ಹಠಕ್ಕಾಗಿ ಯಾವ ಮಗುವೂ ಅಷ್ಟು ಅವಮಾನ ನುಂಗುವುದಿಲ್ಲ.

ಈ ಮೌನ ಬೇರೂರುವ ಬಗೆ ಹೀಗೆ: ಯಾರೋ ಪ್ರಶ್ನೆ ಕೇಳುತ್ತಾರೆ, ಮಗುವಿಗೆ ಭಯದಿಂದ ಗಂಟಲು ಕಟ್ಟುತ್ತದೆ. ಪಕ್ಕದಲ್ಲಿದ್ದ ಅಮ್ಮನೋ ಗೆಳತಿಯೋ ಉತ್ತರ ಹೇಳುತ್ತಾರೆ. ಭಯ ತಟ್ಟನೆ ಇಳಿಯುತ್ತದೆ. ಸುಮ್ಮನಿದ್ದರೆ ಪಾರಾಗಬಹುದೆಂಬ ಪಾಠ ಪ್ರತಿ ಸಲವೂ ಗಟ್ಟಿಯಾಗುತ್ತದೆ. ಬೈಗುಳ, ಗೇಲಿ, ಚಾಕೊಲೇಟಿನ ಆಮಿಷ ಎಲ್ಲವೂ ಭಯವನ್ನು ಹೆಚ್ಚಿಸುತ್ತವೆ. ಹಾಗೆಂದು ‘ದೊಡ್ಡವಳಾದರೆ ಸರಿಹೋಗುತ್ತಾಳೆ’ ಎಂದು ಬಿಟ್ಟುಬಿಡುವುದೂ ತಪ್ಪೇ.

ಮೌನ ಕನಿಷ್ಠ ಒಂದು ತಿಂಗಳಿಂದ ಇದ್ದು, ಓದಿಗೆ ಅಥವಾ ಒಡನಾಟಕ್ಕೆ ಅಡ್ಡಿಯಾಗುತ್ತಿದ್ದರೆ ತಜ್ಞರು ಅದನ್ನು ಸೆಲೆಕ್ಟಿವ್ ಮ್ಯೂಟಿಸಂ ಎಂದು ಪರಿಗಣಿಸುತ್ತಾರೆ. ಶಾಲೆಗೆ ಸೇರಿದ ಮೊದಲ ತಿಂಗಳು ಲೆಕ್ಕಕ್ಕಿಲ್ಲ. ಶಾಲೆಯ ಭಾಷೆ ಬಾರದೆ ಸುಮ್ಮನಿರುವುದು ಬೇರೆ. ಮನೆಯಲ್ಲಿ ತುಳುವೋ ಉರ್ದುವೋ ಲಂಬಾಣಿಯೋ ಆಡುವ ಮಗು ಕನ್ನಡ ಅಥವಾ ಇಂಗ್ಲಿಷ್ ತರಗತಿಯಲ್ಲಿ ಕೆಲವು ತಿಂಗಳು ಬರೀ ಕೇಳಿಸಿಕೊಳ್ಳುವುದು ಸಹಜ. ಮನೆಮಾತು ಬಲ್ಲವರ ಎದುರೂ ಅದು ಹೊರಗೆ ಬಾಯಿ ಬಿಡದಿದ್ದರೆ ವಿಚಾರಿಸಬೇಕು. ಶ್ರವಣದೋಷ, ಮಾತಿನ ತೊಂದರೆ, ಆಟಿಸಂ ಇವೆಯೇ ಎಂಬುದನ್ನೂ ನೋಡಬೇಕು.

ಚಿಕಿತ್ಸೆಯ ತಿರುಳು ಸಣ್ಣ ಸಣ್ಣ ಹೆಜ್ಜೆ. ಶಾಲೆ ಬಿಟ್ಟ ಮೇಲೆ ಖಾಲಿ ತರಗತಿಯಲ್ಲಿ ತಾಯಿಯೂ ಮಗುವೂ ಆಟವಾಡುತ್ತಾ ಮಾತಾಡುತ್ತಾರೆ. ಶಿಕ್ಷಕಿ ಮೊದಲು ಕಾರಿಡಾರಿನಲ್ಲಿರುತ್ತಾಳೆ. ಆಮೇಲೆ ಬಾಗಿಲಲ್ಲಿ, ಆಮೇಲೆ ದೂರದ ಬೆಂಚಿನಲ್ಲಿ, ಕೊನೆಗೆ ಆಟದೊಳಗೆ. ತಾಯಿ ನಿಧಾನವಾಗಿ ಹಿಂದೆ ಸರಿಯುತ್ತಾಳೆ. ಮಗುವಿನ ದನಿ ಅಡಗಿದರೆ ಒಂದು ಹೆಜ್ಜೆ ಹಿಂದಕ್ಕೆ. ‘ನಿನಗೇನು ಬೇಕು?’ ಎನ್ನುವ ಬದಲು ‘ಕೆಂಪು ಬಣ್ಣವೋ, ನೀಲಿಯೋ?’ ಎಂದು ಕೇಳಿ, ಮುಖವನ್ನೇ ದಿಟ್ಟಿಸದೆ ಕಾಯಬೇಕು. ಕಾಯುವುದೇ ಕಷ್ಟದ ಕೆಲಸ, ದೊಡ್ಡವರಿಗೆ. ಮಾತು ಬಂದ ದಿನ ಚಪ್ಪಾಳೆ ತಟ್ಟಬಾರದು. ಎಲ್ಲರ ಕಣ್ಣು ತನ್ನ ಮೇಲೆ ಬಿದ್ದರೆ ಮಗು ಮತ್ತೆ ಮುದುಡಿಕೊಳ್ಳುತ್ತದೆ. ಇಷ್ಟರಿಂದ ಸುಧಾರಿಸದಿದ್ದರೆ ಮನೋವೈದ್ಯರು ಆತಂಕ ತಗ್ಗಿಸುವ ಔಷಧಿಯನ್ನೂ ಕೊಡುವುದುಂಟು.

ಬೇಗ ಶುರು ಮಾಡಿದಷ್ಟೂ ಗುಣವಾಗುವುದು ಸುಲಭ. ಎಲ್ಲಿಗೆ ಹೋಗಬೇಕೆಂದು ತಿಳಿಯದ ಪೋಷಕರು ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಕೇಳಬಹುದು.