ಹಸಿರು ದೇವತೆಯ ಮುಪ್ಪು

ಬ್ರಿಟನ್ನಿನಲ್ಲಿ 1953ರಿಂದ 1956ರವರೆಗೆ ಬೆಡ್‌ಫರ್ಡ್ ಚಾಸಿಯ ಮೇಲೆ ಹಸಿರು ಬಣ್ಣದ ಅಗ್ನಿಶಾಮಕ ಲಾರಿಗಳು ತಯಾರಾದುವು. ಜನರು ಅವಕ್ಕೆ 'ಗ್ರೀನ್ ಗಾಡೆಸ್', ಎಂದರೆ ಹಸಿರು ದೇವತೆ, ಎಂದು ಹೆಸರಿಟ್ಟರು. ಅಣುಬಾಂಬು ಬಿದ್ದ ನಗರದಲ್ಲಿ ನೀರಿನ ಕೊಳಾಯಿಗಳು ಒಡೆದುಹೋಗುವುವಷ್ಟೆ. ಆಗ ದೂರದ ನದಿಯ ನೀರನ್ನು ಲಾರಿಯಿಂದ ಲಾರಿಗೆ ದಾಟಿಸುತ್ತ ಬೆಂಕಿಯವರೆಗೆ ತಲಪಿಸಬೇಕೆಂಬುದು ಅವುಗಳ ಮೂಲೋದ್ದೇಶ. ಆ ಯುದ್ಧ ಬರಲಿಲ್ಲ. ಅವನ್ನು ನಡೆಸುತ್ತಿದ್ದ ಸಹಾಯಕ ಅಗ್ನಿಶಾಮಕ ದಳ 1968ರಲ್ಲಿ ವಿಸರ್ಜಿತವಾಯಿತು. ಲಾರಿಗಳು ಸರ್ಕಾರದ ಉಗ್ರಾಣಗಳಲ್ಲಿ ಉಳಿದುವು.

1977ರಲ್ಲಿ ಅಗ್ನಿಶಾಮಕ ನೌಕರರು ಮುಷ್ಕರ ಹೂಡಿದಾಗ ಸೈನಿಕರು ಇವನ್ನೇರಿ ಬೀದಿಗಿಳಿಯಬೇಕಾಯಿತು. 2002ರ ಮುಷ್ಕರದಲ್ಲಿಯೂ ಅದೇ ಕಥೆ. ಆ ವೇಳೆಗೆ ಲಾರಿಗಳಿಗೆ ಐವತ್ತರ ಹತ್ತಿರ ವಯಸ್ಸು. ನಡೆಸಿದ ಸೈನಿಕರಲ್ಲಿ ಅನೇಕರು ಅವುಗಳ ಅರ್ಧ ವಯಸ್ಸಿನವರು!

ದುಡಿಯದೆ ನಿಂತ ಗಾಡಿ ಕೆಡುವುದೇಕೆ? ಪೆಟ್ರೋಲಿನ ಹಗುರವಾದ ಅಂಶಗಳು ಆವಿಯಾಗಿ ಹೋಗುತ್ತವೆ. ಉಳಿದುದು ಗಾಳಿಯ ಆಮ್ಲಜನಕದೊಡನೆ ಕೂಡಿ ಅಂಟಾಗಿ ಕಾರ್ಬ್ಯುರೇಟರಿನ ಸೂಕ್ಷ್ಮರಂಧ್ರಗಳನ್ನು ಮುಚ್ಚುತ್ತದೆ. ಟೈರಿನ ರಬ್ಬರು ಬಿರುಕು ಬಿಡುತ್ತದೆ. ಬ್ರೇಕಿನ ದ್ರವವು ತೇವವನ್ನು ಹೀರಿಕೊಂಡರೆ ಅದರ ಕುದಿಬಿಂದು ಇಳಿಯುತ್ತದೆ. ಇಳಿಜಾರಿನಲ್ಲಿ ಬ್ರೇಕು ಕಾಯ್ದಾಗ ಕೊಳವೆಯಲ್ಲಿ ಆವಿಯ ಗುಳ್ಳೆಗಳೆದ್ದು, ಒತ್ತಿದ ಪೆಡಲು ಬರಿದೆ ಕುಸಿಯುತ್ತದೆ. ಬೆನ್ನ ಮೇಲಿನ ಹೊರೆಯಾದರೂ ಕಡಿಮೆಯೇ? ದೊಡ್ಡ ಮಾದರಿಯ ತೊಟ್ಟಿ 400 ಗ್ಯಾಲನ್ನಿನದು. ಬ್ರಿಟಿಷ್ ಗ್ಯಾಲನ್ ನೀರಿಗೆ 10 ಪೌಂಡಿನಂತೆ ಅದು 4000 ಪೌಂಡು, ಎಂದರೆ ಸುಮಾರು 1800 ಕಿಲೋಗ್ರಾಂ ಆಯಿತು.

ಆದರೆ ನಮ್ಮ ವಿದ್ಯಾರ್ಥಿಗಳು ಮುಖ್ಯವಾಗಿ ಗಮನಿಸಬೇಕಾದುದು ಪಂಪನ್ನು. ಪಂಪು ನದಿಯ ನೀರನ್ನು 'ಎಳೆಯುತ್ತದೆ' ಎನ್ನುವುದು ವಾಡಿಕೆ. ವಸ್ತುತಃ ಅದು ಎಳೆಯುವುದಿಲ್ಲ. ಹೀರುಕೊಳವೆಯೊಳಗಿನ ಗಾಳಿಯನ್ನು ತೆಗೆದಾಗ, ಹೊರಗಿನ ವಾಯುಮಂಡಲವೇ ನೀರನ್ನು ಮೇಲಕ್ಕೆ ಒತ್ತುತ್ತದೆ. ಸಮುದ್ರಮಟ್ಟದಲ್ಲಿ ಈ ಒತ್ತಡ ಎತ್ತಬಲ್ಲುದು ಹೆಚ್ಚೆಂದರೆ 10.3 ಮೀಟರು; ವ್ಯವಹಾರದಲ್ಲಿ ಏಳೆಂಟು ಮೀಟರು ದೊರೆತರೆ ದೊಡ್ಡದು. ಇಂತಹ ಪಂಪಿನ ತಿರುಗುಚಕ್ರ ದ್ರವವನ್ನು ಅಂಚಿಗೆ ಎಸೆದು ಒತ್ತಡವನ್ನು ಹುಟ್ಟಿಸುತ್ತದೆ. ಗಾಳಿಯ ಸಾಂದ್ರತೆಯಾದರೋ ನೀರಿನದರ ಸುಮಾರು 800ರಲ್ಲಿ ಒಂದು ಪಾಲು. ಆದ್ದರಿಂದ ಚಕ್ರ ಎಷ್ಟು ಭರದಿಂದ ತಿರುಗಿದರೂ ಗಾಳಿ ತುಂಬಿದ ಪಂಪು ನೀರೆತ್ತಲಾರದು. ಮೊದಲು ಗಾಳಿಯನ್ನು ಹೊರದೂಡಲೇಬೇಕು.

ಇಲ್ಲಿಯೇ ಮುಪ್ಪಿನ ಕುತಂತ್ರ ಅಡಗಿದೆ. ನೀರು ಹೊರಬೀಳುವ ಕಡೆಯ ಕೊಳವೆ ಸೀಳಿದರೆ ನೀರು ಚಿಮ್ಮಿ ತಾನೇ ದೋಷವನ್ನು ಸಾರುತ್ತದೆ. ಹೀರುವ ಕಡೆಯ ವಾಷರು ಒಣಗಿ ಬಿರಿದರೆ ಒಂದು ಹನಿಯೂ ಹೊರಬರುವುದಿಲ್ಲ. ಗಾಳಿ ಸದ್ದಿಲ್ಲದೆ ಒಳನುಗ್ಗುತ್ತದೆ. ಎಂಜಿನ್ನು ಗರ್ಜಿಸುತ್ತಿರುತ್ತದೆ, ಬೆಂಕಿಯೆದುರು ನಿಂತ ಸೈನಿಕನ ಕೈಯಲ್ಲಿ ಕೊಳವೆ ಬರಿದಾಗಿರುತ್ತದೆ! ಇದನ್ನು ಮೊದಲೇ ಕಂಡುಕೊಳ್ಳುವ ಪರೀಕ್ಷೆ ಸರಳವಾದುದು: ಹೀರುಬಾಯಿಗೆ ಮುಚ್ಚಳ ತಿರುಗಿಸಿ, ಒಳಗಿನ ಗಾಳಿಯನ್ನು ತೆಗೆದು, ನಿರ್ವಾತಮಾಪಕದ ಮುಳ್ಳನ್ನು ಕಾದು ನೋಡುವುದು. ಮುಳ್ಳು ಬೇಗನೆ ಹಿಂದಿರುಗಿದರೆ ಎಲ್ಲಿಯೋ ಬಿರುಕುಂಟು. ಬಣ್ಣ ಹೊಳೆಯುತ್ತಿದೆಯೆಂದು ಈ ಪರೀಕ್ಷೆಯನ್ನು ಬಿಡುವುದು ಶುದ್ಧ ಅವಿವೇಕವೆಂದೇ ನಮ್ಮ ಅಭಿಪ್ರಾಯ.

ಪಂಪು ಸರಿಯಿದ್ದಾಗ ಈ ಮುದಿ ಲಾರಿ ನಿಮಿಷಕ್ಕೆ ಸುಮಾರು 900 ಗ್ಯಾಲನ್ ನೀರೆತ್ತುತ್ತಿತ್ತು. ಜಜ್ಜಿದ ಕಾರಿನಿಂದ ಗಾಯಾಳುವನ್ನು ಬಿಡಿಸುವ ಆಧುನಿಕ ಸಲಕರಣೆ ಮಾತ್ರ ಅದರಲ್ಲಿರಲಿಲ್ಲ. 2002ರಲ್ಲಿ ಆ ಕೆಲಸಕ್ಕೆ ತರಬೇತಿ ಪಡೆದ ಬೇರೆ ತಂಡಗಳು ಬೇರೆ ವಾಹನಗಳಲ್ಲಿ ಬಂದುವು. ಆಮೇಲಿನ ವರ್ಷಗಳಲ್ಲಿ ಸರ್ಕಾರ ಹಸಿರು ದೇವತೆಗಳನ್ನು ಮಾರಿಬಿಟ್ಟಿತು. ಅವುಗಳಲ್ಲಿ ಕೆಲವು ಆಫ್ರಿಕದ ದೇಶಗಳಿಗೆ ಹೋಗಿ ಮತ್ತೆ ನೀರೆತ್ತುವ ಕೆಲಸಕ್ಕೇ ತೊಡಗಿದುವು.